ಹಳೇ ಲಾರಿಯ ಪೆಡಲು, ಡ್ರೈವರನ ಕಾಲು



ಅಬ್ಬೆತುಮಕೂರು ಎಂದರೆ ನಮ್ಮ ಭಾಗದವರಿಗೆ ವಿಶ್ವಾರಾಧ್ಯರ ಮಠ, ತೇರು, ಜಾತ್ರೆ. ಲಾರಿಯವರಿಗೆ ಆ ಊರಿನ ಜೊತೆ ಇನ್ನೂ ಒಂದು ನಂಟಿದೆ. ಯಾದಗಿರಿ, ಶಹಾಪುರ, ಸುರಪುರದ ಕಡೆ ಗಾಡಿಯ ಹಣೆಯ ಮೇಲೆ ವಿಶ್ವಾರಾಧ್ಯರ ಹೆಸರು ಬರೆಸುವವರಿದ್ದಾರೆ. ಹೊಸ ಗಾಡಿ ತಂದರೂ, ಹಳೇ ಗಾಡಿಗೆ ಹೊಸದಾಗಿ ಬಣ್ಣ ಹೊಡೆಸಿದರೂ ಮಠದ ಮುಂದೆ ತಂದು ನಿಲ್ಲಿಸಿ, ಕಾಯಿ ಒಡೆಸಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಮುಂದಕ್ಕೆ ಹೊರಡುತ್ತಾರೆ. ಗಾಡಿಗೆ ಇಷ್ಟು ಮರ್ಯಾದೆ ಕೊಡುವ ನಾವು, ಅದರೊಳಗೆ ಕೂತು ದಿನವಿಡೀ ಮೂರು ಪೆಡಲು ತುಳಿಯುವವನ ಕಾಲು ಹೇಗಿದೆ ಎಂದು ಕೇಳುವುದು ಅಪರೂಪ. ಇವತ್ತಿನ ನನ್ನ ಮಾತು ಆ ಕಾಲಿನ ಬಗ್ಗೆ. ಹಳೇ ಲಾರಿಯ ಪೆಡಲನ್ನು ಡ್ರೈವರನ ಮೈಗೆ ಹೊಂದಿಸುವುದು ಹೇಗೆ, ಎಷ್ಟರ ಮಟ್ಟಿಗೆ ಹೊಂದಿಸಬಹುದು, ಎಲ್ಲಿ ಕೈ ತಡೆಯಬೇಕು ಎಂಬುದನ್ನು ಹೇಳುತ್ತೇನೆ.

ಮೊದಲು ನಮ್ಮ ಹಳೇ ಗಾಡಿಗಳ ಮೂಲ ಎಲ್ಲಿಯದು ನೋಡೋಣ. ನಮ್ಮ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನದಲ್ಲಿ 1932ರಲ್ಲಿ ಸರ್ಕಾರಿ ರೈಲ್ವೆಯ ಒಂದು ಭಾಗವಾಗಿ ರಸ್ತೆ ಸಾರಿಗೆ ಶುರುವಾದಾಗ ಇದ್ದದ್ದು 27 ವಾಹನಗಳು. ಸ್ಕಾಟ್ಲೆಂಡಿನ ಆಲ್ಬಿಯನ್ ಬಸ್ಸುಗಳು ಆ ಕಾಲದವು. ಸ್ವಾತಂತ್ರ್ಯ ಬಂದ ಮೇಲೆ ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಅಮೆರಿಕದ ನಕ್ಷೆಯ ಡಾಡ್ಜ್, ಫಾರ್ಗೊ ಲಾರಿಗಳನ್ನು ಜೋಡಿಸಿತು. ಬಂಗಾಳದ ಉತ್ತರಪಾಡಾದ ಹಿಂದೂಸ್ತಾನ್ ಮೋಟಾರ್ಸ್‌ನಿಂದ ಇಂಗ್ಲೆಂಡಿನ ಬೆಡ್‌ಫರ್ಡ್ ಬಂತು. ಮದರಾಸಿನ ಎಣ್ಣೂರಿನಿಂದ ಲೇಲ್ಯಾಂಡ್ ಕಾಮೆಟ್ ಬಂತು. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಹದಿನೈದು ವರ್ಷದ ಒಪ್ಪಂದ ಮಾಡಿಕೊಂಡು ಜಮ್‌ಷೆಡ್‌ಪುರದಲ್ಲಿ ಲಾರಿ ಮಾಡತೊಡಗಿದರು. ನಮ್ಮ ಹಿರಿಯರು ಇಂದಿಗೂ 'ಬೆಂಜ್ ಲಾರಿ' ಅನ್ನುವುದು ಅದನ್ನೇ. 1969ರಲ್ಲಿ ಒಪ್ಪಂದ ಮುಗಿದಾಗ ಮುಂದಿನ ಜಾಲರಿಯ ಮೇಲಿದ್ದ ನಕ್ಷತ್ರ ಹೋಗಿ ಟಾಟಾದ 'ಟಿ' ಬಂತು. ಅದರ ಮುಂದಿನ ಪೀಳಿಗೆಯೇ ಹಳ್ಳಿಹಳ್ಳಿಗೂ ಗೊತ್ತಿರುವ 1210. ಹನ್ನೆರಡು ಅಂದರೆ ಗಾಡಿ, ಮಾಲು ಎಲ್ಲ ಸೇರಿ ಹನ್ನೆರಡು ಟನ್ನು. ಹತ್ತು ಅಂದರೆ ಸುಮಾರು ನೂರು ಅಶ್ವಶಕ್ತಿ. 1612ರ ಲೆಕ್ಕವೂ ಹೀಗೆಯೇ.

ಈ ಪಟ್ಟಿಯನ್ನು ಹೇಳಿದ್ದಕ್ಕೆ ಕಾರಣವಿದೆ. ಇವುಗಳ ಪೆಡಲಿನ ಜಾಗ ನಿಗದಿಯಾದದ್ದು ಜರ್ಮನಿಯಲ್ಲಿ, ಇಂಗ್ಲೆಂಡಿನಲ್ಲಿ, ಅಮೆರಿಕದಲ್ಲಿ, ಅಲ್ಲಿಯ ಮೈಕಟ್ಟನ್ನು ಕಣ್ಣಮುಂದೆ ಇಟ್ಟುಕೊಂಡು. ಅದೂ ಇರಲಿ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ, ಅದನ್ನು ಗಮನಿಸಿದವರು ಕಡಿಮೆ.

ನಮ್ಮ ದೇಶದಲ್ಲಿ ಬಹಳ ವರ್ಷ ಕಂಪನಿಯವರು ಮಾರುತ್ತಿದ್ದುದು ಪೂರ್ತಿ ಲಾರಿಯನ್ನಲ್ಲ, ಬರಿಯ ಚಾಸಿಯನ್ನು. ಎಂಜಿನ್ನು, ಚೌಕಟ್ಟು, ಗಾಲಿ, ಸ್ಟೇರಿಂಗು, ಮುಂದಿನ ತಗಡಿನ ಮುಖ, ಮೂರು ಪೆಡಲು, ಇಷ್ಟು ಇದ್ದರೆ ಮುಗಿಯಿತು. ಬಾಗಿಲಿಲ್ಲ, ಮಾಡಿಲ್ಲ, ಸರಿಯಾದ ಸೀಟೂ ಇಲ್ಲ. ಹಲಗೆಯ ಮೇಲೆ ಕೂತು, ತಲೆಗೆ ಬಟ್ಟೆ ಸುತ್ತಿಕೊಂಡು, ನೂರಾರು ಮೈಲು ಚಾಸಿ ಓಡಿಸಿಕೊಂಡು ಬರುವವರು ಬೇರೆಯೇ ಇದ್ದರು. ಆಮೇಲೆ ನಾಮಕ್ಕಲ್‌ನಲ್ಲೋ, ವಿಜಯವಾಡದ ಆಟೊನಗರದಲ್ಲೋ, ಹತ್ತಿರದ ಯಾವುದೋ ಊರಿನಲ್ಲೋ ಬಡಿಗರು ಮತ್ತು ಕಮ್ಮಾರರು ಸೇರಿ ಕ್ಯಾಬಿನ್ ಕಟ್ಟುತ್ತಿದ್ದರು. ಸೀಟು ಎಲ್ಲಿ ಕೂರಬೇಕು, ಎಷ್ಟು ಎತ್ತರ ಇರಬೇಕು ಎಂದು ತೀರ್ಮಾನಿಸಿದವರು ಅವರು. ಪೆಡಲು ಕೂರಿಸಿದ ಕೈ ಒಂದು, ಸೀಟು ಕೂರಿಸಿದ ಕೈ ಇನ್ನೊಂದು. ಇವೆರಡೂ ಕೈ ಒಂದನ್ನೊಂದು ನೋಡಿಯೇ ಇರಲಿಲ್ಲ. ನಡುವೆ ಸಿಕ್ಕಿಕೊಂಡದ್ದು ಡ್ರೈವರನ ಸೊಂಟ ಮತ್ತು ಮೊಣಕಾಲು.

ಹಾಗಾಗಿ ಹಳೇ ಲಾರಿಯಲ್ಲಿ ಪೆಡಲು ದೂರ ಆಯಿತು, ಹತ್ತಿರ ಆಯಿತು ಎಂದು ಡ್ರೈವರ್ ಹೇಳಿದಾಗ ಅದು ಸೋಮಾರಿಯ ನೆಪ ಎಂದು ಮಾಲಕರು ತಳ್ಳಿಹಾಕಬಾರದು. ಆ ಗಾಡಿ ಹುಟ್ಟಿದ ರೀತಿಯಲ್ಲೇ ಆ ತೊಂದರೆ ಕೂತಿದೆ.

ನಮ್ಮ ಸೀಮೆಯಲ್ಲಿ ಈ ತೊಂದರೆ ಎರಡು ಪಟ್ಟು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಶಹಾಪುರ, ಸುರಪುರದ ಕಡೆ ಭತ್ತ ಹೆಚ್ಚಿತು. ತೊಗರಿ, ಹತ್ತಿ ಮೊದಲಿನಿಂದಲೂ ಇದ್ದವು. ಈ ಮಾಲು ಸಾಗಿಸುವ ಲಾರಿ ದೂರದ ಹೆದ್ದಾರಿಯಲ್ಲಿ ಒಂದೇ ಗೇರಿನಲ್ಲಿ ಗಂಟೆಗಟ್ಟಲೆ ಓಡುವಂಥದ್ದಲ್ಲ. ಹೊಲದ ದಾರಿ, ಹಳ್ಳದ ಇಳಿಜಾರು, ಊರೊಳಗಿನ ಉಬ್ಬು, ಕಾಟಾದ ಮುಂದಿನ ಸಾಲು, ಮಿಲ್ಲಿನ ಬಾಗಿಲು, ರೈಲ್ವೆ ಗೇಟು. ಹತ್ತು ಮಾರು ಹೋಗು, ನಿಲ್ಲಿಸು, ಮತ್ತೆ ಹತ್ತು ಮಾರು. ಪ್ರತಿ ಸಲವೂ ಎಡಗಾಲು ಕ್ಲಚ್ಚನ್ನು ನೆಲ ಮುಟ್ಟುವ ತನಕ ತುಳಿಯಬೇಕು. ಅರ್ಧ ಎಂಜಿನ್ನು ಕ್ಯಾಬಿನ್ನಿನೊಳಗೆ ಬಂದಿರುವ ಗಾಡಿಗಳಲ್ಲಿ ಆ ಎಡಗಾಲಿನ ಪಕ್ಕದಲ್ಲೇ ಎಂಜಿನ್ನಿನ ಕಾವು. ಹೊರಗೆ ಬೇಸಿಗೆಯ 42 ಡಿಗ್ರಿ, ಒಳಗೆ ಅದಕ್ಕಿಂತ ಹೆಚ್ಚು. ಮಳೆಗಾಲದಲ್ಲಿ ಮತ್ತೊಂದು ಬಗೆಯ ಕಷ್ಟ. ನಮ್ಮ ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಂಡರೆ ಸವೆದ ಪೆಡಲಿನ ಮೇಲೆ ಕಾಲು ನಿಲ್ಲುವುದಿಲ್ಲ. "ಪಗಾರ ಹೆಚ್ಚು ಮಾಡದಿದ್ರೂ ನಡೀತದ್ರೀ ಸಾವ್ಕಾರ್ರ, ಈ ಕ್ಲಚ್ಚೊಂದು ಹಗರ ಮಾಡಿಸಿ ಕೊಡ್ರಿ" ಎನ್ನುವ ಡ್ರೈವರರಿದ್ದಾರೆ. ಆ ಮಾತಿನ ಹಿಂದೆ ಎಷ್ಟು ನೋವಿರಬೇಕು ಎಂದು ಯೋಚಿಸಿ.

ಈಗ ಪೆಡಲಿಗೆ ಬರೋಣ. ಗಾಡಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಡ್ರೈವರನನ್ನು ಅವನ ರೂಢಿಯಂತೆ ಕೂಡ್ರಿಸಿ. ಕ್ಲಚ್ಚನ್ನು ಪೂರ್ತಿ ತುಳಿಯಲು ಹೇಳಿ. ತುಳಿದಾಗ ಅವನ ಸೊಂಟ ಸೀಟಿನ ಬೆನ್ನಿನಿಂದ ಜಾರಿ ಮುಂದೆ ಬಂತೆಂದರೆ ಪೆಡಲು ದೂರ. ಸೊಂಟ ಅಲ್ಲೇ ಇದ್ದು, ಪೂರ್ತಿ ತುಳಿದಾಗಲೂ ಮೊಣಕಾಲು ತುಸು ಬಾಗಿಯೇ ಇದ್ದರೆ ಸರಿ. ಕಾಲು ಎತ್ತಿದಾಗ ಮೊಣಕಾಲು ಸ್ಟೇರಿಂಗಿಗೆ ತಾಗಿದರೆ ತೀರ ಹತ್ತಿರ. ಪೆಡಲಿನ ಮೇಲೆ ಕಾಲಿಟ್ಟು ಸುಮ್ಮನೆ ಕೂತಾಗ ಮೊಣಕಾಲಿನ ಹಿಂದಿನ ಕೋನ 110ರಿಂದ 130 ಡಿಗ್ರಿಯಷ್ಟಿದ್ದರೆ ಮೈಗೆ ಹಿತ. ಆಮೇಲೆ ಬಲಗಾಲು ನೋಡಿ. ಎಕ್ಸಲೇಟರ್ ಮೇಲೆ ಪಾದ ಇಟ್ಟಾಗ ಹಿಮ್ಮಡಿ ನೆಲದ ಮೇಲೆ ಊರಿರಬೇಕು. ಹಿಮ್ಮಡಿ ಗಾಳಿಯಲ್ಲಿದ್ದರೆ ಇಡೀ ಕಾಲಿನ ಭಾರವನ್ನು ಮೀನಖಂಡವೇ ಹೊರುತ್ತದೆ. ಹಗಲೆಲ್ಲ ಹೀಗೆ ಓಡಿಸಿದವನಿಗೆ ರಾತ್ರಿ ನಿದ್ದೆಯಲ್ಲಿ ಕಾಲು ಹಿಡಿದುಕೊಳ್ಳುವುದು ಸಹಜವೇ.

ಇಷ್ಟು ಪರೀಕ್ಷೆ ಮಾಡಿದ ಮೇಲೂ ಕೂಡಲೇ ವೆಲ್ಡಿಂಗಿನವರ ಹತ್ತಿರ ಓಡಬೇಡಿ. ಮೊದಲು ಪೆಡಲಿನ ಶಾಫ್ಟಿನ ಬುಶ್ ನೋಡಿ. ಹಳೇ ಗಾಡಿಗಳಲ್ಲಿ ಪೆಡಲು ನೆಲದ ಕೆಳಗಿನ ಶಾಫ್ಟಿಗೆ ಸಿಕ್ಕಿಕೊಂಡು ಹಲಗೆಯ ಸೀಳಿನಿಂದ ಮೇಲೆ ಬರುತ್ತದೆ. ಧೂಳು, ಕೆಸರು, ನೀರು ಎಲ್ಲ ಬೀಳುವುದು ಆ ಶಾಫ್ಟಿನ ಮೇಲೆಯೇ. ಬುಶ್ ಸವೆದರೆ ಪೆಡಲು ಅಡ್ಡಡ್ಡ ಓಲಾಡುತ್ತದೆ, ಪಾದ ಅದನ್ನು ಹುಡುಕಬೇಕಾಗುತ್ತದೆ. ಗ್ರೀಸ್ ಕಾಣದ ಶಾಫ್ಟು ಗಟ್ಟಿಯಾಗಿ, ಕ್ಲಚ್ ಪ್ಲೇಟಿನ ತಪ್ಪಲ್ಲದಿದ್ದರೂ ಕ್ಲಚ್ ಬಿಗಿ ಎನಿಸುತ್ತದೆ. ರಿಟರ್ನ್ ಸ್ಪ್ರಿಂಗ್ ಸೋತಿದ್ದರೆ ಪೆಡಲು ತನ್ನ ಎತ್ತರಕ್ಕೆ ವಾಪಸು ಬರುವುದಿಲ್ಲ. ಜಾಗದ ತಪ್ಪು ಎಂದುಕೊಂಡದ್ದು ಎಷ್ಟೋ ಸಲ ಸವೆತದ ತಪ್ಪಾಗಿರುತ್ತದೆ. ಹೊಸ ಬುಶ್, ಹೊಸ ಸ್ಪ್ರಿಂಗ್, ಹೊಟ್ಟೆ ತುಂಬ ಗ್ರೀಸ್ ಕೊಟ್ಟು ನೋಡಿ. ಇದರಿಂದಲೇ ಅರ್ಧ ಗಾಡಿಗಳು ಹದಕ್ಕೆ ಬರುತ್ತವೆ ಎಂಬುದು ನನ್ನ ನಂಬಿಕೆ.

ಅದರಿಂದಲೂ ಆಗದಿದ್ದರೆ ಎರಡನೆಯದು ಸೀಟು. ಪೆಡಲನ್ನು ಕಾಲಿನ ಹತ್ತಿರ ತರುವುದಕ್ಕಿಂತ ಮನುಷ್ಯನನ್ನೇ ಪೆಡಲಿನ ಹತ್ತಿರ ಒಯ್ಯುವುದು ಸುಲಭ, ಅಪಾಯವೂ ಇಲ್ಲ. ಬಡಿಗರು ಕಟ್ಟಿದ ಸೀಟು ಸಾಮಾನ್ಯವಾಗಿ ನಾಲ್ಕು ಬೋಲ್ಟಿನ ಮೇಲೆ ಕೂತಿರುತ್ತದೆ. ಒಂದೊಂದೇ ತೂತಿನ ಬದಲು ಉದ್ದನೆಯ ಸೀಳು ಇರುವ ಪಟ್ಟಿ ಹಾಕಿಸಿದರೆ ಅದೇ ಸೀಟು ಮೂರು ನಾಲ್ಕು ಇಂಚು ಹಿಂದೆ ಮುಂದೆ ಸರಿಯುತ್ತದೆ. ಬೋಲ್ಟು ಬಿಗಿದು ಲಾಕ್ ನಟ್ ಹಾಕುವುದನ್ನು ಮಾತ್ರ ಮರೆಯಬಾರದು. ಬ್ರೇಕ್ ಹಾಕಿದಾಗ ಸೀಟೇ ಮುಂದೆ ಜಾರಿದರೆ ಕೆಲಸ ಕೆಟ್ಟಿತು. ಸೀಟಿನ ಮುಂದಿನ ಅಂಚು ತೊಡೆಯ ಕೆಳಗೆ ಒತ್ತುತ್ತಿದ್ದರೆ ಅದನ್ನು ತುಸು ಇಳಿಸಿ, ದುಂಡಗೆ ಮಾಡಿ. ಗಿಡ್ಡ ಡ್ರೈವರಿಗೆ ಬೆನ್ನಿನ ಹಿಂದೆ ಗಟ್ಟಿ ದಿಂಬನ್ನು ಕಟ್ಟಿಕೊಡಿ, ಮೆತ್ತನೆಯದು ಬೇಡ. ತುಳಿಯುವಾಗ ಬೆನ್ನಿಗೆ ಆಸರೆ ಬೇಕಲ್ಲ, ಮೆತ್ತನೆಯ ದಿಂಬು ಆ ಬಲವನ್ನೆಲ್ಲ ತಾನೇ ನುಂಗುತ್ತದೆ.

ಮೂರನೆಯದು ನೆಲ. ಹಿಮ್ಮಡಿ ಊರಲು ಇಳಿಜಾರಿನ ಒಂದು ಹಲಗೆ ಅಥವಾ ಗೆರೆಗೆರೆಯ ತಗಡಿನ ತುಂಡನ್ನು ಎಕ್ಸಲೇಟರಿನ ಕೆಳಗೆ ಬೋಲ್ಟು ಹಾಕಿ ಕೂರಿಸಬಹುದು. ಹಾಗೆಯೇ ಕ್ಲಚ್ಚಿನ ಎಡಕ್ಕೆ ಕಾಲು ಇಟ್ಟುಕೊಳ್ಳಲು ಒಂದು ಓರೆ ಹಲಗೆ. ಎಡಗಾಲಿಗೆ ಇಡಲು ಬೇರೆ ಜಾಗ ಇಲ್ಲದಿದ್ದರೆ ಡ್ರೈವರ್ ಅದನ್ನು ಕ್ಲಚ್ಚಿನ ಮೇಲೆಯೇ ಇಟ್ಟುಕೊಂಡು ಕೂರುತ್ತಾನೆ. ಆಗ ಕ್ಲಚ್ಚಿನ ಬೇರಿಂಗು ಸುಮ್ಮಸುಮ್ಮನೆ ಸವೆಯುತ್ತದೆ, ಪ್ಲೇಟು ಜಾರಿ ಸುಡುತ್ತದೆ. ಆ ಒಂದು ಹಲಗೆಯಿಂದ ಕಾಲಿಗೂ ವಿಶ್ರಾಂತಿ, ಮಾಲಕರ ಜೇಬಿಗೂ ಉಳಿತಾಯ. ಇಷ್ಟು ಸಣ್ಣ ಕೆಲಸ ನಮ್ಮ ಎಷ್ಟೋ ಹಳೇ ಗಾಡಿಗಳಲ್ಲಿ ಇಲ್ಲ ಎಂಬುದು ನನಗೆ ನಿಜವಾಗಿಯೂ ಬೇಸರದ ಸಂಗತಿ. ಆದರೆ ನೆಲಕ್ಕೆ ಹಾಕಿದ್ದು ಏನೇ ಇದ್ದರೂ ಅಲುಗಾಡಬಾರದು. ಬಿಡಿ ಕಟ್ಟಿಗೆ, ಇಟ್ಟಿಗೆ, ಮಡಚಿದ ಗೋಣಿಚೀಲ ಇಡುವವರಿದ್ದಾರೆ. ಅದು ಉರುಳಿ ಬ್ರೇಕ್ ಪೆಡಲಿನ ಕೆಳಗೆ ಸಿಕ್ಕಿಕೊಂಡರೆ ಗಾಡಿ ನಿಲ್ಲುವುದಿಲ್ಲ. ನೀರಿನ ಬಾಟಲಿ, ಕಳಚಿಟ್ಟ ಚಪ್ಪಲಿಗೂ ಇದೇ ಮಾತು.

ನಾಲ್ಕನೆಯದು ಎಕ್ಸಲೇಟರ್. ಮೂರು ಪೆಡಲುಗಳಲ್ಲಿ ಸುಲಭವಾಗಿ ಮಾತು ಕೇಳುವುದು ಇದೊಂದೇ. ಹಳೇ ಡೀಸೆಲ್ ಗಾಡಿಯಲ್ಲಿ ಇದು ರಾಡುಗಳ ಮೂಲಕ ಪಂಪಿನ ತೋಳನ್ನು ಎಳೆಯುತ್ತದೆ, ಅಷ್ಟೇ. ರಾಡಿನ ತುದಿಯ ಉದ್ದ ಹೊಂದಿಸಿ, ಇಲ್ಲವೇ ಪೆಡಲಿನ ಮೇಲೆ ಬೋಲ್ಟಿನಿಂದ ತುಂಡು ಕೂರಿಸಿ ಅದನ್ನು ಎತ್ತರಿಸಬಹುದು. ಎತ್ತರಿಸುವುದರಿಂದ ಒಂದು ದೊಡ್ಡ ಲಾಭವೂ ಇದೆ. ಹಳೇ ಲಾರಿಗಳಲ್ಲಿ ಬ್ರೇಕಿನ ಪೆಡಲು ಎಕ್ಸಲೇಟರಿಗಿಂತ ಬಹಳ ಮೇಲೆ ನಿಂತಿರುತ್ತದೆ. ಬ್ರೇಕ್ ಹಾಕಬೇಕೆಂದರೆ ಇಡೀ ಕಾಲನ್ನು ನೆಲದಿಂದ ಎತ್ತಿ, ಮೇಲೊಯ್ದು, ಮತ್ತೆ ಒತ್ತಬೇಕು. ಅಷ್ಟರಲ್ಲಿ ಅರ್ಧ ಸೆಕೆಂಡು ಹೋಯಿತು ಅನ್ನಿ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು ಸಾಗುತ್ತದೆ. ಅರ್ಧ ಸೆಕೆಂಡು ಎಂದರೆ 8 ಮೀಟರು, ಬ್ರೇಕು ಇನ್ನೂ ಹಿಡಿಯುವ ಮೊದಲೇ. ಎರಡು ಪೆಡಲುಗಳ ಎತ್ತರದ ಅಂತರ ಕಡಿಮೆ ಮಾಡಿದರೆ ಆ ದೂರದಲ್ಲಿ ಒಂದಿಷ್ಟು ಉಳಿಯುತ್ತದೆ. ಎರಡನ್ನೂ ಪೂರ್ತಿ ಒಂದೇ ಮಟ್ಟಕ್ಕೆ ತರಬೇಡಿ, ಬ್ರೇಕು ಸ್ವಲ್ಪ ಮೇಲೆಯೇ ಇರಲಿ. ನಡುವಿನ ಜಾಗ ಎರಡು ಇಂಚಿಗಿಂತ ಕಡಿಮೆಯಾಗಬಾರದು. ಅಗಲ ಚಪ್ಪಲಿ ಎರಡನ್ನೂ ಒಟ್ಟಿಗೆ ತುಳಿದರೆ ಅನಾಹುತ. ಕೆಲಸ ಮುಗಿದ ಮೇಲೆ ಪೆಡಲು ಬಿಟ್ಟಾಗ ಎಂಜಿನ್ನು ಐಡ್ಲಿಂಗಿಗೆ ಬರುತ್ತದೆಯೇ, ರಾಡು ಎಲ್ಲಾದರೂ ತಡವರಿಸುತ್ತದೆಯೇ ಎಂದು ಹತ್ತು ಸಲ ಒತ್ತಿ ನೋಡಿ.

ಇನ್ನು ಕ್ಲಚ್ಚು ಮತ್ತು ಬ್ರೇಕು. ಇಲ್ಲಿ ಸ್ವಲ್ಪ ಲೆಕ್ಕ ಬೇಕು, ದಯವಿಟ್ಟು ಗಮನ ಕೊಟ್ಟು ಕೇಳಿ.

ಶಹಾಬಾದಿನ ಗಣಿಯಲ್ಲಿ ಕಲ್ಲು ಎಬ್ಬಿಸುವಾಗ ಹಾರೆಯನ್ನು ತುದಿಯಲ್ಲಿ ಹಿಡಿದರೆ ಕಲ್ಲು ಹಗುರಾಗಿ ಏಳುತ್ತದೆ, ನಡುವೆ ಹಿಡಿದರೆ ಏಳುವುದಿಲ್ಲ. ಬ್ರೇಕ್ ಪೆಡಲೂ ಅಂಥದೇ ಹಾರೆ. ಶಾಫ್ಟಿನಿಂದ ಪಾದ ಇಡುವ ಜಾಗಕ್ಕೆ 300 ಮಿಲಿಮೀಟರು, ಶಾಫ್ಟಿನಿಂದ ತಳ್ಳುರಾಡು ಸಿಕ್ಕಿಕೊಂಡ ಜಾಗಕ್ಕೆ 50 ಮಿಲಿಮೀಟರು ಎಂದುಕೊಳ್ಳಿ. ಆರಕ್ಕೆ ಒಂದು. ಕಾಲಿನಿಂದ 20 ಕೆಜಿ ಒತ್ತಿದರೆ ರಾಡಿನ ಮೇಲೆ 120 ಕೆಜಿ ಬೀಳುತ್ತದೆ. ಪೆಡಲು ಮೊಣಕಾಲಿಗೆ ಹತ್ತಿರವಾಯಿತೆಂದು ಅದರ ತೋಳನ್ನು 50 ಮಿಲಿಮೀಟರು ಕತ್ತರಿಸಿ ಗಿಡ್ಡ ಮಾಡಿದಿರಿ. ಈಗ ಐದಕ್ಕೆ ಒಂದು. ಅದೇ 20 ಕೆಜಿಗೆ 100 ಕೆಜಿ ಮಾತ್ರ ಸಿಗುತ್ತದೆ. ಮೊದಲಿನ ಬ್ರೇಕು ಬೇಕೆಂದರೆ 24 ಕೆಜಿ ಒತ್ತಬೇಕು. ಕಾಲಿಗೆ ಸುಖ ಕೊಡಲು ಹೋಗಿ ದುಃಖ ಕೊಟ್ಟಂತಾಯಿತು.

ಹಾಗಾದರೆ ಉದ್ದ ಮಾಡೋಣವೇ? ತೋಳನ್ನು 350 ಮಿಲಿಮೀಟರು ಮಾಡಿದಿರಿ. ಏಳಕ್ಕೆ ಒಂದು, ಒತ್ತುವುದು ಹಗುರಾಯಿತು. ಆದರೆ ರಾಡು 25 ಮಿಲಿಮೀಟರು ಸರಿಯಬೇಕಾದರೆ ಮೊದಲು ಪೆಡಲು 150 ಮಿಲಿಮೀಟರು ಇಳಿಯುತ್ತಿತ್ತು, ಈಗ 175 ಇಳಿಯಬೇಕು. ಕೆಳಗೆ ಅಷ್ಟು ಜಾಗ ಇಲ್ಲ. 150ಕ್ಕೆ ಪೆಡಲು ನೆಲಕ್ಕೆ ಬಡಿದರೆ ರಾಡು ಸರಿದದ್ದು 21 ಮಿಲಿಮೀಟರು ಮಾತ್ರ. ಖಾಲಿ ಗಾಡಿಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಲೈನರು ಸವೆದು, ಡ್ರಮ್ಮು ಕಾದು, ಮೇಲೆ ತೊಗರಿ ಚೀಲ ತುಂಬಿಕೊಂಡು ಇಳಿಜಾರಿನಲ್ಲಿ ಬರುವಾಗ ಆ ಉಳಿದ 4 ಮಿಲಿಮೀಟರು ಏನೆಂದು ಗೊತ್ತಾಗುತ್ತದೆ.

ಕೆಲವರು ತೋಳು ಮುಟ್ಟದೆ ತಳ್ಳುರಾಡಿನ ಉದ್ದ ಹೆಚ್ಚು ಮಾಡಿ ಪೆಡಲನ್ನು ಬೇಕಾದ ಎತ್ತರಕ್ಕೆ ತರುತ್ತಾರೆ. ಮಿತಿಯೊಳಗೆ ಅದು ಸರಿಯೇ, ರಾಡಿಗೆ ಎಳೆ ಕೊಟ್ಟಿರುವುದು ಅದಕ್ಕಾಗಿಯೇ. ಮಿತಿ ಯಾವುದು ಎಂದರೆ, ಪೆಡಲು ಮತ್ತು ಅದು ತಳ್ಳುವ ವಸ್ತುವಿನ ನಡುವೆ ಇರಬೇಕಾದ ಸಡಿಲು, ಮಿಸ್ತ್ರಿಗಳು 'ಪ್ಲೇ' ಅನ್ನುವುದು. ಆಯಿಲ್ ಬ್ರೇಕಿನಲ್ಲಿ ಈ ಪ್ಲೇ ಇಲ್ಲದಂತೆ ಬಿಗಿದರೆ, ಕಾಲು ತೆಗೆದ ಮೇಲೂ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ. ಆಯಿಲ್ ವಾಪಸು ಡಬ್ಬಿಗೆ ಹೋಗುವ ಸಣ್ಣ ರಂಧ್ರ ಮುಚ್ಚಿಯೇ ಇರುತ್ತದೆ. ಬ್ರೇಕು ಹಿಡಿದುಕೊಂಡೇ ಗಾಡಿ ಓಡುತ್ತದೆ, ಡ್ರಮ್ಮು ಕಾಯುತ್ತದೆ, ಕಾದ ಆಯಿಲ್ ಹಿಗ್ಗಿ ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಕ್ಲಚ್ಚಿನಲ್ಲಿ ಪ್ಲೇ ಹೋದರೆ ಪ್ಲೇಟು ಜಾರತೊಡಗುತ್ತದೆ, ಏರಿನಲ್ಲಿ ಸುಟ್ಟ ವಾಸನೆ ಬರುತ್ತದೆ. ಕ್ಲಚ್ ಪೆಡಲಿನ ಮೇಲೆ ಸಾಮಾನ್ಯವಾಗಿ ಒಂದು ಇಂಚಿನಷ್ಟು, ಬ್ರೇಕಿಗೆ ಅದಕ್ಕಿಂತ ಬಹಳ ಕಡಿಮೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಎಷ್ಟು ಹೇಳಿದೆಯೋ ಅದೇ ಕೊನೆಯ ಮಾತು.

ಮತ್ತೆ ವೆಲ್ಡಿಂಗು. ಬ್ರೇಕ್ ಪೆಡಲಿನ ತೋಳನ್ನು ಕತ್ತರಿಸಿ, ಬಗ್ಗಿಸಿ, ಬೆಸೆಯುವುದನ್ನು ನಾನು ಒಪ್ಪುವುದಿಲ್ಲ. ಎರಕದ ಲೋಹವಾದರೆ ಬೆಸುಗೆಯ ಪಕ್ಕದಲ್ಲೇ ಕೂದಲೆಳೆಯ ಬಿರುಕು ಬಿಡುತ್ತದೆ. ಬಡಿದು ಮಾಡಿದ ಉಕ್ಕಾದರೆ ಕಾಸಿದ ಜಾಗದಲ್ಲಿ ಮೊದಲಿನ ಹದ ಉಳಿಯುವುದಿಲ್ಲ. ಗಾಬರಿಯಲ್ಲಿ ಮನುಷ್ಯ ಬೆನ್ನನ್ನು ಸೀಟಿಗೆ ಕೊಟ್ಟು ತುಳಿಯುವಾಗ ತನ್ನ ಮೈಭಾರಕ್ಕಿಂತ ಹೆಚ್ಚು ಬಲ ಹಾಕಬಲ್ಲ. ಬಿರುಕು ಒಡೆಯುವುದು ಅದೇ ಗಳಿಗೆಯಲ್ಲಿ, ಗ್ಯಾರೇಜಿನಲ್ಲಿ ನಿಂತು ಮೆಲ್ಲಗೆ ಒತ್ತಿ ನೋಡುವಾಗ ಅಲ್ಲ. ತೋಳು ಹಾಗೆಯೇ ಇರಲಿ, ಪಾದ ಇಡುವ ಪ್ಯಾಡನ್ನು ಮಾತ್ರ ಬದಲಿಸಿ. ದಪ್ಪ ಉಕ್ಕಿನ ಪಟ್ಟಿಯಲ್ಲಿ ಅಗಲವಾದ ಪ್ಯಾಡು ಮಾಡಿಸಿ, ಎರಡು ಬೋಲ್ಟು ಹಾಕಿ, ಲಾಕ್ ನಟ್ ಬಿಗಿದು, ಮೇಲೆ ಗೆರೆಗಳಿರುವ ರಬ್ಬರು ಕೂರಿಸಿದರೆ ಒಂದಿಂಚು ಎಡಕ್ಕೋ ಬಲಕ್ಕೋ, ಮುಕ್ಕಾಲು ಇಂಚು ಮುಂದಕ್ಕೋ ಪಾದಕ್ಕೆ ಜಾಗ ಸಿಗುತ್ತದೆ. ತೋಳಿನ ಉದ್ದ ಬದಲಾಗಿಲ್ಲವಾದ್ದರಿಂದ ಮೇಲಿನ ಲೆಕ್ಕ ಕೆಡುವುದಿಲ್ಲ. ಅಡ್ಡಕ್ಕೆ ಅದಕ್ಕಿಂತ ಹೆಚ್ಚು ಸರಿಸಿದರೆ ತೋಳು ತಿರುಚಿಕೊಂಡು ಬುಶ್ ಒಂದೇ ಮಗ್ಗುಲಿಗೆ ಸವೆಯುತ್ತದೆ. ಪೂರ್ತಿ ಗಾಳಿ ಬ್ರೇಕಿನ ಗಾಡಿಯಾದರೆ ಪೆಡಲಿನ ಕೆಳಗಿರುವ ವಾಲ್ವನ್ನು ಅದರ ಜಾಗದಿಂದ ಕದಲಿಸಲೇಬೇಡಿ. ಅಲ್ಲಿ ಸೀಟು ಮತ್ತು ನೆಲ, ಇವೆರಡರ ಹೊಂದಾಣಿಕೆಯೇ ಸಾಕು.

ಇದನ್ನೆಲ್ಲ ಮಾಡುವ ಕೈ ನಮ್ಮಲ್ಲಿಲ್ಲವೇ? ಖಂಡಿತ ಇದೆ. ಯಾದಗಿರಿಯಲ್ಲೇ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಪ್ರಾದೇಶಿಕ ಕಾರ್ಯಾಗಾರ ಇದೆ. ಶಹಾಪುರ, ಸುರಪುರದ ಗ್ಯಾರೇಜುಗಳಲ್ಲಿ ಕಣ್ಣಳತೆಯಲ್ಲೇ ಬುಶ್ ತಿರುವಿ ಕೊಡುವ ಲೇತಿನವರಿದ್ದಾರೆ. ಕೌಶಲದ ಕೊರತೆ ನಮಗಿಲ್ಲ. ಕೊರತೆ ಇರುವುದು ಡ್ರೈವರನನ್ನು ಕೂಡ್ರಿಸಿ ಅಳತೆ ತೆಗೆಯುವ ರೂಢಿಯದು. ಗಾಡಿ ಗ್ಯಾರೇಜಿಗೆ ಬಂದಾಗ ಮಾಲಕರು ಮಾತಾಡುತ್ತಾರೆ, ಮಿಸ್ತ್ರಿ ಕೇಳುತ್ತಾರೆ. ಡ್ರೈವರ್ ಹೊರಗೆ ಚಹಾ ಕುಡಿಯುತ್ತಾ ನಿಂತಿರುತ್ತಾನೆ. ಅವನು ಒಳಗೆ ಕೂತಿರುವಾಗಲೇ ಈ ಕೆಲಸ ಆಗಬೇಕು.

ಕಾನೂನಿನ ಬಗ್ಗೆಯೂ ಒಂದು ಮಾತು. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ ಕಂಪನಿ ಕೊಟ್ಟ, ಆರ್‌ಸಿಯಲ್ಲಿ ಬರೆದ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಒಂದು ಪ್ರಕರಣದಲ್ಲಿ ಇದನ್ನು ಬಿಗಿಯಾಗಿಯೇ ಹೇಳಿತು. ಸೀಟು ಸರಿಸುವುದು, ಹಿಮ್ಮಡಿಯ ಹಲಗೆ, ರಬ್ಬರು ಪ್ಯಾಡು ಇವು ಆರ್‌ಸಿಯ ವಿವರ ಮುಟ್ಟುವಂಥವಲ್ಲ. ಬ್ರೇಕಿನ ವ್ಯವಸ್ಥೆಗೆ ಕೈ ಹಾಕುವ ಯಾವುದೇ ಕೆಲಸಕ್ಕೆ ಮಾತ್ರ ಮೊದಲು ಸಾರಿಗೆ ಕಚೇರಿಯಲ್ಲಿ ಕೇಳಿ. ಎಂಟು ವರ್ಷ ದಾಟಿದ ಲಾರಿಗೆ ಹೇಗೂ ವರ್ಷಕ್ಕೊಮ್ಮೆ ಫಿಟ್‌ನೆಸ್ ಮಾಡಿಸಬೇಕು. ಆಗ ನೀವು ಮಾಡಿಸಿದ್ದನ್ನು ಮುಚ್ಚಿಡದೆ ತೋರಿಸಿ.

ಹಳೇ ಗಾಡಿಯನ್ನು ದುಡಿಮೆಗಲ್ಲ, ಅಜ್ಜನ ನೆನಪಿಗೆಂದು ಇಟ್ಟುಕೊಂಡ ಮನೆತನಗಳೂ ಇವೆ. ಅವರಿಗೆ ನನ್ನ ವಿಶೇಷ ವಿನಂತಿ: ಏನು ಮಾಡಿಸಿದರೂ ಬೋಲ್ಟು ಬಿಚ್ಚಿದರೆ ಮೊದಲಿನಂತಾಗುವ ಹಾಗೆ ಮಾಡಿಸಿ, ತೆಗೆದ ಮೂಲ ಪ್ಯಾಡು, ಮೂಲ ರಾಡು ಜೋಪಾನವಾಗಿ ಕಟ್ಟಿಡಿ. ಕೇಂದ್ರ ಸರ್ಕಾರ 2021ರಲ್ಲಿ ಐವತ್ತು ವರ್ಷ ದಾಟಿದ ವಾಹನಗಳಿಗೆ 'ವಿಂಟೇಜ್' ಎಂದು ಬೇರೆ ನೋಂದಣಿ ಕೊಡುವ ನಿಯಮ ಮಾಡಿತು. ಅದು ಬೈಕು, ಕಾರುಗಳಿಗೆ. ಲಾರಿಗೆ ಆ ಗೌರವ ಇನ್ನೂ ಸಿಕ್ಕಿಲ್ಲ. ದೇಶದ ಅನ್ನ, ಅರಳೆ, ಕಲ್ಲು, ಸಿಮೆಂಟು ಹೊತ್ತದ್ದು ಲಾರಿ. ಅದಕ್ಕೂ ಆ ಸ್ಥಾನ ಸಿಗಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಹೊಸ ಲಾರಿಗಳಲ್ಲಿ ಕಾಲ ಬದಲಾಗುತ್ತಿದೆ. ಕಂಪನಿಯವರೇ ಪೂರ್ತಿ ಕ್ಯಾಬಿನ್ ಕಟ್ಟಿ ಕೊಡುತ್ತಿದ್ದಾರೆ, ಸೀಟು ಹಿಂದೆ ಮುಂದೆ, ಮೇಲೆ ಕೆಳಗೆ ಆಗುತ್ತದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ಡ್ರೈವರನ ಮೈಯೂ ಮೈ ಎಂದು ಕಾನೂನು ಒಪ್ಪಲು ಇಷ್ಟು ವರ್ಷ ಬೇಕಾಯಿತು. ಆದರೆ ಆ ನಿಯಮ ಹಳೇ ಗಾಡಿಗಳಿಗೆ ಅನ್ವಯಿಸುವುದಿಲ್ಲ. ಅವುಗಳಲ್ಲಿ ಕೂತವನಿಗೆ ಸುಖ ಕೊಡಬೇಕಾದವರು ಅವನ ಮಾಲಕರು ಮತ್ತು ಊರಿನ ಮಿಸ್ತ್ರಿ.

ಡ್ರೈವರ್ ಅಣ್ಣಂದಿರೇ, ಸೊಂಟ ಹಿಡಿದುಕೊಂಡರೆ, ಮೊಣಕಾಲು ನೋಯುತ್ತಿದ್ದರೆ ಅದನ್ನು ನುಂಗಿಕೊಂಡು ಕೂರಬೇಡಿ. ಯಾವ ಪೆಡಲು, ಯಾವ ಕಾಲು, ಎಷ್ಟು ದೂರ ಎಂದು ನೋಡಿಕೊಂಡು ಮಾಲಕರಿಗೆ ಹೇಳಿ. ಮಿಸ್ತ್ರಿಗಳೇ, ಬ್ರೇಕಿನ ತೋಳು ಕತ್ತರಿಸಲು ಯಾರೇ ಹೇಳಿದರೂ ಒಪ್ಪಬೇಡಿ. ಮಾಲಕರೇ, ಮುಂದಿನ ಸಲ ಗಾಡಿಗೆ ಬಣ್ಣ ಹೊಡೆಸುವ ಮೊದಲು ನಿಮ್ಮ ಡ್ರೈವರನನ್ನು ಸೀಟಿನಲ್ಲಿ ಕೂಡ್ರಿಸಿ, ಕ್ಲಚ್ ತುಳಿಸಿ ನೋಡಿ. ಸೊಂಟ ಜಾರಿದರೆ ಅವತ್ತೇ ಸೀಟಿನ ಬೋಲ್ಟು ಬಿಚ್ಚಿಸಿ.